ಉಸ್ತಾದರನ್ನು ಕೇಳಿ: ಓಟ ಗೊತ್ತು, ಬೂಟು ಗೊತ್ತಾ?

(ಸೇನೆಯ ತರಬೇತಿ ಕೇಂದ್ರದಲ್ಲಿ ಡ್ರಿಲ್ ಉಸ್ತಾದರಾಗಿದ್ದ ನಿವೃತ್ತ ಹವಾಲ್ದಾರರೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಅಗ್ನಿವೀರನಾಗಿ ಆಯ್ಕೆಯಾಗಿದ್ದೇನೆ. ಮುಂದಿನ ತಿಂಗಳು ಸೆಂಟರ್‌ಗೆ ಹೋಗಬೇಕು. ದಿನಾ ಓಡುತ್ತಿದ್ದೇನೆ, ದಂಡ ಹೊಡೆಯುತ್ತಿದ್ದೇನೆ. ಇನ್ನೇನು ತಯಾರಿ ಬೇಕು?
– ಓದುಗ, ಹಾವೇರಿ

ಓಟ ಬಿಡಬೇಡಿ. ಆದರೆ ಅಲ್ಲಿ ನಿಮ್ಮನ್ನು ಸುಸ್ತು ಮಾಡುವುದು ಓಟಕ್ಕಿಂತ ಜಾಸ್ತಿ ಗಡಿಯಾರ. ಬೆಳಕು ಹರಿಯುವ ಮುಂಚೆಯೇ ಸೀಟಿ. ಬ್ಯಾರಕ್‌ನ ಹುಡುಗರೆಲ್ಲ ಒಟ್ಟಿಗೆ ನಲ್ಲಿ ಹತ್ತಿರ ನುಗ್ಗುತ್ತಾರೆ. ಅಷ್ಟರಲ್ಲೇ ಗಡ್ಡ ಕೆರೆದು, ಹಾಸಿಗೆ ಸರಿಮಾಡಿ, ಪಿಟಿ ಡ್ರೆಸ್‌ನಲ್ಲಿ ಫಾಲಿನ್ ಆಗಬೇಕು, ಅಂದರೆ ಸಾಲಾಗಿ ನಿಲ್ಲಬೇಕು. ಪಿಟಿ ಮುಗಿದರೆ ತಿಂಡಿ, ಮತ್ತೆ ಡ್ರೆಸ್ ಬದಲು, ಡ್ರಿಲ್ ಮೈದಾನ. ಆಮೇಲೆ ವೆಪನ್ ಕ್ಲಾಸ್, ಮ್ಯಾಪ್ ರೀಡಿಂಗ್, ಪ್ರಥಮ ಚಿಕಿತ್ಸೆ. ಸಂಜೆ ಆಟ, ರಾತ್ರಿ ರೋಲ್ ಕಾಲ್. ನೀವು ದಿನಕ್ಕೆ ಬಟ್ಟೆ ಬದಲಿಸುವಷ್ಟು ಸಲ ಮದುಮಗಳೂ ಸೀರೆ ಬದಲಿಸಲ್ಲ. ಅಗ್ನಿವೀರರಿಗೆ ಇದು 31 ವಾರ.

ಒಬ್ಬ ತಡ ಮಾಡಿದರೆ ಇಡೀ ಸ್ಕ್ವಾಡಿಗೆ ರಗಡಾ, ಅಂದರೆ ಶಿಕ್ಷೆ. ಎಲ್ಲರೂ ಫ್ರಂಟ್ ರೋಲ್ ಹೊಡೆಯಬೇಕು. ಅನ್ಯಾಯ ಅನ್ನಿಸುತ್ತದೆ, ಅಲ್ವಾ? ನನಗೆ ಹಾಗನ್ನಿಸಿಲ್ಲ. ಆವತ್ತು ರಾತ್ರಿಯೇ ಆ ನಿಧಾನಿ ಹುಡುಗನ ಕಿಟ್ ಮಡಚಿಕೊಡಲು ಪಕ್ಕದ ಮಂಚದವರು ಬಂದು ಕೂರುತ್ತಾರೆ. ಬೈದು ಬೈದೇ ಮಡಚುತ್ತಾರೆ, ಆ ಮಾತು ಬೇರೆ.

ಹಾಗಾಗಿ ಈಗಲೇ ಕೈಕೆಲಸ ಕಲಿಯಿರಿ. ಅಂಗಿಗೆ ಗುಂಡಿ ಹೊಲಿಯುವುದು, ಇಸ್ತ್ರಿ, ಮುಖ್ಯವಾಗಿ ಪಾಲಿಶ್. ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳಿ. ಚೂರೇ ಚೂರು ಪಾಲಿಶ್ ತೆಗೆದುಕೊಂಡು ಬೂಟಿನ ಮೂತಿಯ ಮೇಲೆ ಸಣ್ಣ ಸಣ್ಣ ಸುತ್ತು ಹಾಕಿ ಉಜ್ಜಿ. ಆ ಪದರ ಒಣಗಲಿ. ಒಂದು ಹನಿ ನೀರು ಹಾಕಿ ಮತ್ತೆ ಉಜ್ಜಿ, ಮತ್ತೆ ಪದರ. ಆತುರಕ್ಕೆ ಜಾಸ್ತಿ ಬಳಿದರೆ ಮಂಕಾಗುತ್ತದೆ. ಬಗ್ಗಿ ನೋಡಿದ ಉಸ್ತಾದರಿಗೆ ತಮ್ಮ ಮೀಸೆ ಕಾಣಬೇಕು.

ಇನ್ನು ಕಾಲು. ಭರ್ತಿಯಲ್ಲಿ ನೀವು ಓಡಿದ್ದು 1.6 ಕಿ.ಮೀ., ಹಗುರ ಶೂನಲ್ಲಿ. ಅಲ್ಲಿ ಬಿಪಿಇಟಿ (ಬ್ಯಾಟಲ್ ಫಿಸಿಕಲ್ ಎಫಿಷಿಯೆನ್ಸಿ ಟೆಸ್ಟ್) ಅಂತ ದೈಹಿಕ ಪರೀಕ್ಷೆ ಇದೆ. ಬೂಟು, ಬೆನ್ನಿಗೆ ಪಿಟ್ಟೂ ಚೀಲ, ಕೈಯಲ್ಲಿ ರೈಫಲ್, 5 ಕಿ.ಮೀ. ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾದರೆ ಮುಚ್ಚಿಡಬೇಡಿ, ಸೆಂಟರ್‌ನ ಡಾಕ್ಟರು ನೋಡುವ ಎಂಐ ರೂಮಿಗೆ ಹೋಗಿ. ಬ್ಯಾಚ್ ತಪ್ಪೀತು ಅಂತ ಹಲ್ಲು ಕಚ್ಚಿ ಓಡುವ ಹುಡುಗರಿದ್ದಾರೆ. ಮೂಳೆ ಸಣ್ಣಗೆ ಬಿರುಕು ಬಿಟ್ಟ ಮೇಲೆ ವಾರಗಟ್ಟಲೆ ಮಲಗಬೇಕು, ಬ್ಯಾಚೂ ತಪ್ಪುತ್ತದೆ.

ಪ್ರಶ್ನೆ: ನನಗೆ ಹಿಂದಿ ಬರುವುದಿಲ್ಲ. ಕಮಾಂಡ್ ಅರ್ಥವಾಗದೆ ಒದೆ ತಿನ್ನುತ್ತೇನಾ?
– ಓದುಗ, ಮಂಡ್ಯ

ಇಲ್ಲ. ಸಾವಧಾನ್, ವಿಶ್ರಾಮ್, ದಾಹಿನೆ ಮುಡ್, ಪೀಛೆ ಮುಡ್, ತೇಜ್ ಚಲ್, ಥಮ್. ಮೈದಾನದಲ್ಲಿ ಇವನ್ನೇ ದಿನವಿಡೀ ಕೇಳುತ್ತೀರಿ, ಕಿವಿಗಿಂತ ಮೊದಲು ಕಾಲು ಕಲಿಯುತ್ತದೆ. ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್ ಸಿಕ್ಕರೆ ಪಕ್ಕದ ಮಂಚದಲ್ಲಿ ತಮಿಳು, ಮಲಯಾಳಂ, ತೆಲುಗು ಹುಡುಗರು. ಅವರಿಗೂ ನಿಮ್ಮಷ್ಟೇ ಹಿಂದಿ. ಅರ್ಥವಾಗದಿದ್ದರೆ ಸುಮ್ನೆ ತಲೆ ಆಡಿಸಬೇಡಿ, ಅಷ್ಟೇ. ಫೈರಿಂಗ್ ರೇಂಜ್‌ನಲ್ಲಂತೂ ಬೇಡವೇ ಬೇಡ. ಅಲ್ಲಿ ಇನ್ನೊಮ್ಮೆ ಕೇಳಿದವನಿಗೆ ಯಾವ ಉಸ್ತಾದರೂ ಬೈಯುವುದಿಲ್ಲ.

ಪ್ರಶ್ನೆ: ಮಗ ಟ್ರೈನಿಂಗ್‌ನಲ್ಲಿದ್ದಾನೆ. ಅಪರೂಪಕ್ಕೆ ಫೋನ್ ಮಾಡಿದರೂ "ಚೆನ್ನಾಗಿದೀನಿ" ಅಂತ ಇಟ್ಟುಬಿಡುತ್ತಾನೆ. ಸಂಬಳ 30,000 ಅಂದಿದ್ದರು, ಬಂದದ್ದು 21,000. ಏನೋ ಮುಚ್ಚಿಡುತ್ತಿದ್ದಾನಾ?
– ಒಬ್ಬ ತಾಯಿ, ಗದಗ

ಏನೂ ಮುಚ್ಚಿಟ್ಟಿಲ್ಲಮ್ಮ. ಟ್ರೈನಿಂಗ್‌ನಲ್ಲಿ ಫೋನ್ ಸದಾ ಕೈಯಲ್ಲಿರುವುದಿಲ್ಲ. ಸಿಕ್ಕಾಗಲೂ ಸುತ್ತ ಹತ್ತು ಹುಡುಗರು ನಿಂತಿರುತ್ತಾರೆ. ಅಮ್ಮನ ಹತ್ತಿರ ಅಳುಮುಖ ಮಾಡಿದರೆ ಆ ವಾರವೆಲ್ಲ ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ. "ಹೇಗಿದೀಯಾ" ಅನ್ನುವ ಬದಲು "ಇವತ್ತು ಲಂಗರ್‌ನಲ್ಲಿ ಏನು ಅಡುಗೆ ಮಾಡಿದ್ರು" ಅಂತ ಕೇಳಿ ನೋಡಿ. ಲಂಗರ್ ಅಂದರೆ ಅಲ್ಲಿನ ಅಡುಗೆಮನೆ. ದಾಲ್ ಬಗ್ಗೆ ಬೈಯಲು ಶುರುಮಾಡಿದವನು ಫೋನ್ ಬೇಗ ಇಡುವುದಿಲ್ಲ.

ದುಡ್ಡಿನ ಲೆಕ್ಕ ಸರಿ ಇದೆ. ಮೊದಲ ವರ್ಷದ 30,000ದಲ್ಲಿ ಶೇ. 30, ಅಂದರೆ 9,000, ಸೇವಾ ನಿಧಿಗೆ ಹೋಗುತ್ತದೆ. ಸರ್ಕಾರವೂ ಅಷ್ಟೇ ಸೇರಿಸುತ್ತದೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಬಿಟ್ಟು ಸುಮಾರು 10 ಲಕ್ಷ ಕೈಗೆ ಬರುತ್ತದೆ, ಅದಕ್ಕೆ ಆದಾಯ ತೆರಿಗೆ ಇಲ್ಲ. ಮುಂದಿನ ಸಲ ಫೋನ್ ಬಂದಾಗ ನಾಮಿನಿ ಕಾಲಂನಲ್ಲಿ ನಿಮ್ಮ ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೆಯೇ ಬರೆಸಿದ್ದಾನಾ ಅಂತ ಕೇಳಿಬಿಡಿ.