ಹವ್ಯಾಸ ಅಂಕಣ: ಮಾದರಿ ವಿಮಾನ, ಓದುಗರ ಪ್ರಶ್ನೆಗಳು

ಮಾದರಿ ವಿಮಾನಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಹಾರಿಸಿದೆ, ಬಿತ್ತು, ಯಾಕೆ?’ ಎಂದು ಕೇಳುವಂಥವು. ಬಿದ್ದ ಕಾರಣ ಬಹುಪಾಲು ಮೈದಾನದಲ್ಲಿ ಸಿಗುವುದಿಲ್ಲ, ವಿಮಾನ ಕಟ್ಟಿದ ಮೇಜಿನ ಮೇಲೆ ಸಿಗುತ್ತದೆ. ಅದಕ್ಕೇ ಈ ಸಲ ಅಳತೆ, ತೂಕಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಮೊದಲ ವಿಮಾನವನ್ನು ಕೈಯಾರೆ ಕಟ್ಟುವ ಆಸೆ. ತೇಜಸ್ ಮಾದರಿ ಮಾಡಬಹುದೇ? ಯಾವ ಮೋಟರ್, ಯಾವ ಬ್ಯಾಟರಿ ಬೇಕು?
– ದಾವಣಗೆರೆಯ ಓದುಗರು

ತೇಜಸ್ ಮೂರನೆಯದೋ ನಾಲ್ಕನೆಯದೋ ಆಗಲಿ. ತ್ರಿಕೋನ ರೆಕ್ಕೆಯ ವಿಮಾನ ವೇಗವಾಗಿ ಹೋದರಷ್ಟೇ ನೆಟ್ಟಗಿರುತ್ತದೆ. ದೂರದಿಂದ ನೋಡಿದರೆ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದೂ ಕಷ್ಟ. ಕಲಿಯುವವರಿಗೆ ಬೇಕಾದದ್ದು ನಿಧಾನವಾಗಿ ಹಾರುವ, ರಿಮೋಟಿನ ಸ್ಟಿಕ್ ಬಿಟ್ಟರೆ ತಾನೇ ಸಮತಟ್ಟಿಗೆ ಬರುವ ವಿಮಾನ. ರೆಕ್ಕೆ ಒಡಲಿನ ಮೇಲ್ಭಾಗದಲ್ಲಿರಲಿ, ಅದರ ಅಡಿ ಚಪ್ಪಟೆಯಾಗಿರಲಿ, ಎರಡೂ ತುದಿ ಮಧ್ಯಕ್ಕಿಂತ 4-5 ಸೆಂ.ಮೀ. ಮೇಲೆದ್ದಿರಲಿ.

ಅಳತೆ ಹೀಗೆ ಇಟ್ಟುಕೊಳ್ಳಿ: ರೆಕ್ಕೆಯ ಉದ್ದ ತುದಿಯಿಂದ ತುದಿಗೆ 1200 ಮಿ.ಮೀ., ಅಗಲ 200 ಮಿ.ಮೀ. ಅಲ್ಲಿಗೆ ವಿಸ್ತೀರ್ಣ 24 ಚದರ ಡೆಸಿಮೀಟರ್. ಬ್ಯಾಟರಿ ಸೇರಿ ಒಟ್ಟು ತೂಕ 700 ಗ್ರಾಂ ಇದ್ದರೆ ಚದರ ಡೆಸಿಮೀಟರಿಗೆ 29 ಗ್ರಾಂ ಬರುತ್ತದೆ. 25ರಿಂದ 35ರೊಳಗಿದ್ದರೆ ಕಲಿಯಲು ಒಳ್ಳೆಯದು. 40 ದಾಟಿತೆಂದರೆ ನಿಧಾನವಾಗಿ ಇಳಿಸುವ ಮಾತೇ ಇಲ್ಲ.

ಒಡಲಿಗೂ ರೆಕ್ಕೆಗೂ 5 ಮಿ.ಮೀ. ಡೆಪ್ರಾನ್ (ಒತ್ತಾದ ಹಗುರ ಫೋಮ್ ಹಾಳೆ) ಅಥವಾ ಫೋಮ್ ಬೋರ್ಡ್ ಸಾಕು. ಬೋರ್ಡು ಬರೆಯುವವರ ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡ್ ತರಬೇಡಿ, ಅದು ತುಂಬ ಭಾರ. ಮೋಟರ್ ಎ2212, 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು). ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿ 30 ಆಂಪಿಯರ್. ಪ್ರೊಪೆಲರ್ 10×4.5 (ಇಂಚಿನಲ್ಲಿ ಅಡ್ಡಳತೆ, ಒಂದು ಸುತ್ತಿಗೆ ಮುಂದೆ ಸಾಗುವ ದೂರ). ಬ್ಯಾಟರಿ ಮೂರು ಸೆಲ್ಲಿನ 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್), ಇದೊಂದೇ ಸುಮಾರು 180 ಗ್ರಾಂ ತೂಗುತ್ತದೆ. ರೆಕ್ಕೆ, ಬಾಲಗಳ ಪಟ್ಟಿಗಳನ್ನು ಅಲುಗಿಸುವ 9 ಗ್ರಾಂ ಸರ್ವೊ ನಾಲ್ಕು. ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಆರು ಚಾನೆಲ್ಲಿನದಿರಲಿ; ಫ್ಲೈಸ್ಕೈ ಐ6 ಥರದ್ದು ಮುಂದಿನ ವಿಮಾನಗಳಿಗೂ ಬರುತ್ತದೆ. ಈ ಜೋಡಣೆ ಸುಮಾರು 800 ಗ್ರಾಂ ಎಳೆತ ಕೊಡುತ್ತದೆ, 700 ಗ್ರಾಂ ವಿಮಾನಕ್ಕೆ ಧಾರಾಳವಾಯಿತು. ಪೂರ್ತಿ ಥ್ರಾಟಲ್ (ಮೋಟರಿಗೆ ಕೊಡುವ ಶಕ್ತಿ) ಮೇಲೇರಲು ಮಾತ್ರ. ನಿಮಿಷಗಟ್ಟಲೆ ಹಾಗೇ ಇಟ್ಟರೆ ಮೋಟರ್ ಕಾದು ಸುರುಳಿ ಸುಡುತ್ತದೆ.

ಅಂಟಿನ ವಿಷಯದಲ್ಲಿ ಎಷ್ಟೋ ರೆಕ್ಕೆಗಳು ಹಾಳಾಗಿವೆ. ಥರ್ಮೋಕೋಲ್, ಡೆಪ್ರಾನ್ ಎರಡನ್ನೂ ಫೆವಿಕ್ವಿಕ್ ಕರಗಿಸುತ್ತದೆ, ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟೂ ಕರಗಿಸುತ್ತದೆ. ಬಿಳಿ ಫೆವಿಕಾಲ್ ಹಚ್ಚಿ ರಾತ್ರಿಯಿಡೀ ಒಣಗಿಸಬಹುದು, ಅವಸರವಿದ್ದರೆ ಹಾಟ್ ಗ್ಲೂ. ಮೋಟರ್ ಕೂರಿಸುವ ಪ್ಲೈವುಡ್ ತುಂಡಿಗೆ ಮಾತ್ರ ಅರಾಲ್ಡೈಟ್. ಹಾಟ್ ಗ್ಲೂ ಹಗುರವೆಂದುಕೊಂಡು ಸುರಿಯಬೇಡಿ, ತೆಳುವಾದ ಒಂದು ಇಡೀ ಕಡ್ಡಿಯೇ ಹತ್ತು ಗ್ರಾಂವರೆಗೂ ತೂಗುತ್ತದೆ.

ಮೊದಲ ಸಲ ಮೋಟರ್ ತಿರುಗಿಸುವಾಗ ಪ್ರೊಪೆಲರ್ ಬಿಚ್ಚಿಟ್ಟಿರಿ. ತಿರುಗುವ ದಿಕ್ಕು ತಪ್ಪಿದ್ದರೆ ಇಎಸ್‌ಸಿಯಿಂದ ಮೋಟರಿಗೆ ಹೋಗುವ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಆಮೇಲೆ ಪ್ರೊಪೆಲರ್ ಹಾಕುವಾಗ ಅಳತೆ ಬರೆದಿರುವ ಮುಖ ವಿಮಾನದ ಮುಂದಕ್ಕಿರಬೇಕು. ತಿರುವುಮುರುವು ಹಾಕಿದರೂ ಗಾಳಿ ಹಿಂದಕ್ಕೇ ಬೀಸುತ್ತದೆ, ಆದರೆ ಎಳೆತ ತೀರಾ ಕಡಿಮೆ. ‘ಮೋಟರಿಗೆ ಶಕ್ತಿ ಇಲ್ಲ’ ಎಂಬ ದೂರಿದ್ದಲ್ಲೆಲ್ಲ ಮೊದಲು ಇದನ್ನು ನೋಡಿ.

ಕೈಯಿಂದ ಎಸೆದ ಕೂಡಲೇ ವಿಮಾನ ಎಡಕ್ಕೆ ವಾಲಿ ನೆಲ ಕಚ್ಚುತ್ತದೆ. ಒಮ್ಮೆ ಹೇಗೋ ಮೇಲೇರಿತು, ಅಲೆಯಂತೆ ಏಳುತ್ತ ಬೀಳುತ್ತ ಹೋಗಿ ಬಿತ್ತು. ಮೂರು ಪ್ರೊಪೆಲರ್ ಮುರಿದಿವೆ.
– ಹಾಸನದ ಓದುಗರು

ಎರಡು ಬೇರೆ ಬೇರೆ ದೋಷಗಳಿವೆ. ಅಲೆಯಿಂದ ಶುರುಮಾಡೋಣ, ಯಾಕೆಂದರೆ ತೂಕದ ಸಮತೋಲ ಸರಿಯಾಗದೆ ಉಳಿದದ್ದನ್ನು ತಿದ್ದಿ ಪ್ರಯೋಜನವಿಲ್ಲ.

ಬ್ಯಾಟರಿಯನ್ನು ಒಳಗಿಟ್ಟು, ರೆಕ್ಕೆಯ ಮುಂಗಡೆಯ ಅಂಚಿನಿಂದ ಹಿಂದಕ್ಕೆ ಅಳೆದು ಎರಡೂ ಕಡೆ ಪೆನ್ನಿನಿಂದ ಗುರುತು ಹಾಕಿ. 200 ಮಿ.ಮೀ. ಅಗಲದ ರೆಕ್ಕೆಗೆ 55ರಿಂದ 60 ಮಿ.ಮೀ. ಆ ಗುರುತುಗಳ ಕೆಳಗೆ ಎರಡು ಬೆರಳಿಟ್ಟು ಎತ್ತಿದಾಗ ವಿಮಾನ ಮಟ್ಟಸವಾಗಿ, ಇಲ್ಲವೇ ಮೂತಿ ಕೊಂಚ ತಗ್ಗಿಸಿ ನಿಲ್ಲಬೇಕು. ಬಾಲ ತಗ್ಗಿದರೆ ಹಾರಿಸಲೇಬೇಡಿ. ಬಾಲ ಭಾರವಾದ ವಿಮಾನ ಮೂತಿ ಎತ್ತುತ್ತ ಹೋಗಿ ವೇಗ ಕಳೆದುಕೊಳ್ಳುತ್ತದೆ, ಸ್ಟಿಕ್ಕನ್ನು ಕೂದಲೆಳೆಯಷ್ಟು ಅಲುಗಿಸಿದರೂ ಜಿಗಿಯುತ್ತದೆ. ಅದನ್ನು ಹಿಡಿಯಲು ಹೊರಟ ಕೈ ಪ್ರತಿ ಸಲವೂ ತಡವಾಗುತ್ತದೆ. ಅಲೆ ಹುಟ್ಟುವುದೇ ಹೀಗೆ.

ಮೊದಲ ಮದ್ದು ಬ್ಯಾಟರಿಯನ್ನು ಮುಂದೆ ಸರಿಸುವುದು. ಸಾಲದಿದ್ದರೆ ಮೂತಿಗೆ ಸೀಸ ಸೇರಿಸುವ ಮುನ್ನ ಬಾಲ ಹಗುರ ಮಾಡಿ. ಲೆಕ್ಕ ನೋಡಿ: ಸಮತೋಲ ಬಿಂದುವಿನಿಂದ ಬಾಲ 600 ಮಿ.ಮೀ. ಹಿಂದಿದೆ, ಮೂತಿ 150 ಮಿ.ಮೀ. ಮುಂದಿದೆ ಎನ್ನಿ. ಬಾಲದ 5 ಗ್ರಾಂ ಹೆಚ್ಚುವರಿಗೆ ಮೂತಿಯಲ್ಲಿ 20 ಗ್ರಾಂ ಬೇಕು. ಬಾಲಕ್ಕೆ ಚೆಂದಕ್ಕೆಂದು ಸುತ್ತಿದ ಬಣ್ಣದ ಟೇಪು ಕಿತ್ತರೆ ಅಷ್ಟು ತೂಕ ಉಳಿಯುತ್ತದೆ.

ಸಮತೋಲ ಸರಿಯಾದ ಮೇಲೆ ಹುಲ್ಲಿರುವ ಕಡೆ, ಮೋಟರ್ ನಿಲ್ಲಿಸಿ, ಎದುರುಗಾಳಿಗೆ ಭುಜದೆತ್ತರದಿಂದ ನೇರವಾಗಿ ತಳ್ಳಿಬಿಡಿ. ಹತ್ತು ಹನ್ನೆರಡು ಮೀಟರ್ ಜಾರಿ ಸಪಾಟಾಗಿ ಕೂರಬೇಕು. ಹೀಗೆ ಚೆನ್ನಾಗಿ ಜಾರುವ ವಿಮಾನ ಥ್ರಾಟಲ್ ಕೊಟ್ಟಾಗ ಮಾತ್ರ ಮೂತಿ ಎತ್ತಿದರೆ ತಪ್ಪು ಸಮತೋಲದ್ದಲ್ಲ, ಮೋಟರಿನ ಕೋನದ್ದು.

ಎಡಕ್ಕೆ ವಾಲುವುದಕ್ಕೂ ಮೋಟರಿನ ಕೋನವೇ ಬಹುಪಾಲು ಕಾರಣ. ಹಿಂದಿನಿಂದ ನೋಡಿದಾಗ ಪ್ರೊಪೆಲರ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತಿದ್ದರೆ ವಿಮಾನದ ಒಡಲು ಎಡಕ್ಕೆ ಮಗುಚಲು ನೋಡುತ್ತದೆ. ವೇಗವಿದ್ದಾಗ ರೆಕ್ಕೆ ಅದನ್ನು ತಡೆಯುತ್ತದೆ. ಎಸೆದ ಮೊದಲ ಸೆಕೆಂಡಿನಲ್ಲಿ ವೇಗವಿಲ್ಲ, ಥ್ರಾಟಲ್ ಮಾತ್ರ ಪೂರ್ತಿ ಇದೆ. ಆದ್ದರಿಂದ ಮೋಟರನ್ನು ಬಲಕ್ಕೆ ಎರಡು-ಎರಡೂವರೆ ಡಿಗ್ರಿ, ಕೆಳಕ್ಕೂ ಅಷ್ಟೇ ಓರೆಯಾಗಿಸಬೇಕು. ಕೋನಮಾಪಕ ಬೇಕಿಲ್ಲ. ಸ್ಕ್ರೂಗಳ ನಡುವಿನ ಅಂತರ 25 ಮಿ.ಮೀ. ಇದ್ದರೆ ಹಿಂದಿನಿಂದ ನೋಡುವಾಗ ಎಡಗಡೆ ಬರುವ ಸ್ಕ್ರೂಗಳ ಅಡಿ 1 ಮಿ.ಮೀ. ವಾಷರ್ ಇಡಿ, ಮೋಟರ್ ಬಲಕ್ಕೆ ತಿರುಗುತ್ತದೆ. ಮೇಲಿನ ಸ್ಕ್ರೂಗಳಿಗೆ ಇಟ್ಟರೆ ಕೆಳಕ್ಕೆ ಬಾಗುತ್ತದೆ. ಎಸೆಯುವಾಗ ಥ್ರಾಟಲ್ ಮುಕ್ಕಾಲು ಇರಲಿ. ಎಸೆಯುವುದು ಮೇಲಕ್ಕಲ್ಲ, ದಿಗಂತದ ಕಡೆಗೆ.

ಇಷ್ಟಾದರೂ ವಾಲಿದರೆ ರೆಕ್ಕೆಯನ್ನು ಹಿಂದಿನಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಒಂದು ತುದಿ ತಿರುಚಿಕೊಂಡಿರಬಹುದು. ಬಿಸಿಲಲ್ಲಿ ಕಾರಿನೊಳಗೆ ಬಿಟ್ಟ ಫೋಮ್ ರೆಕ್ಕೆಗೆ ಹೀಗಾಗುವುದು ಸಾಮಾನ್ಯ. ಕೊನೆಯದಾಗಿ ಏಲೆರಾನ್, ಅಂದರೆ ರೆಕ್ಕೆಯ ಹಿಂಗಡೆಯ ಅಲುಗುವ ಪಟ್ಟಿ: ವಿಮಾನದ ಹಿಂದೆ ನಿಂತು ಸ್ಟಿಕ್ ಬಲಕ್ಕೆ ತಳ್ಳಿದಾಗ ಬಲ ರೆಕ್ಕೆಯದು ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಪ್ರತಿ ಹಾರಾಟಕ್ಕೂ ಮುನ್ನ ಇದನ್ನು ನೋಡಲೇಬೇಕು, ಎಷ್ಟು ವರ್ಷದ ಅನುಭವವಿದ್ದರೂ. ಏಲೆರಾನ್, ಎಲಿವೇಟರ್ (ಅಡ್ಡಬಾಲದ ಅಲುಗುವ ಪಟ್ಟಿ) ಇವುಗಳ ಚಲನೆ ಮೇಲೆ 12 ಮಿ.ಮೀ., ಕೆಳಗೆ 12 ಮಿ.ಮೀ. ಸಾಕು.

ದೂರ ಹೋಗುವಾಗ ಸರಿಯಾಗಿ ನಡೆಸುತ್ತೇನೆ. ನನ್ನ ಕಡೆಗೆ ಬರುವಾಗ ಎಡ ಬಲ ತಲೆಕೆಳಗಾಗುತ್ತದೆ.
– ಶಿವಮೊಗ್ಗದ ಓದುಗರು

ವಿಮಾನ ಎದುರು ಬರುವಾಗ ಯಾವ ಕಡೆಯ ರೆಕ್ಕೆ ತಗ್ಗಿದಂತೆ ಕಾಣುತ್ತದೋ ಆ ಕಡೆಗೇ ಸ್ಟಿಕ್ ತಳ್ಳಿ. ತಗ್ಗಿದ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ ಅಂದುಕೊಳ್ಳಿ. ಎಡ ಬಲ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಟ್ರಾನ್ಸ್‌ಮಿಟರನ್ನು ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ಸಿಮ್ಯುಲೇಟರಿನಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಇದನ್ನೊಂದೇ ಅಭ್ಯಾಸ ಮಾಡಿ. ಮೈದಾನದಲ್ಲಿ ಎರಡು ತೆಂಗಿನ ಮರದಷ್ಟು ಎತ್ತರ, ಅಂದರೆ 40 ಮೀಟರ್ ಉಳಿಸಿಕೊಂಡಿದ್ದರೆ ತಪ್ಪು ತಿದ್ದಿಕೊಳ್ಳಲು ಸಮಯವಿರುತ್ತದೆ. ರೆಕ್ಕೆಯ ಅಡಿಭಾಗಕ್ಕೆ ಗಾಢ ಬಣ್ಣದ ಎರಡು ಅಗಲ ಪಟ್ಟಿ ಬಳಿದರೂ ಅನುಕೂಲ.

ಲಿಪೊ ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಆಗುತ್ತಿದೆ, ಬಳಸಬಹುದೇ?
– ಮೈಸೂರಿನ ಓದುಗರು

ಬೇಡ. ಒಳಗೆ ಅನಿಲ ಸೇರಿದೆ ಎಂದರೆ ಸೆಲ್ ಹಾಳಾಗಿದೆ ಎಂದೇ ಅರ್ಥ. ಅದನ್ನು ಚಾರ್ಜಿಗೆ ಹಾಕುವುದೇ ಬೆಂಕಿಗೆ ದಾರಿ. ಮನೆಯ ಹೊರಗೆ, ಮರಳಿನ ಬಕೆಟ್ಟಿನಲ್ಲಿಟ್ಟು 12 ವೋಲ್ಟಿನ ಬೈಕ್ ಬಲ್ಬು ಜೋಡಿಸಿ ಪೂರ್ತಿ ಖಾಲಿ ಮಾಡಿ. ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ.

ಹೊಸತು ತಂದಾಗ ಈ ಅಂಕಿಗಳನ್ನು ಪಾಲಿಸಿ. ಒಂದು ಸೆಲ್ಲಿಗೆ ಗರಿಷ್ಠ 4.2 ವೋಲ್ಟ್. ಹಾರಿಸಿ ಇಳಿಸಿದ ಮೇಲೆ 3.7ಕ್ಕಿಂತ ಕೆಳಗಿರಬಾರದು. ಎರಡು ಮೂರು ದಿನ ಬಳಸುವುದಿಲ್ಲವಾದರೆ 3.8ಕ್ಕೆ ತಂದಿಡಿ. ಪೂರ್ತಿ ತುಂಬಿಸಿ ಬೀರುವಿನಲ್ಲಿ ತಿಂಗಳುಗಟ್ಟಲೆ ಇಡುವುದೇ ಊದಿಕೊಳ್ಳಲು ಮುಖ್ಯ ಕಾರಣಗಳಲ್ಲೊಂದು. 2200 ಎಂಎಎಚ್‌ಗೆ ಚಾರ್ಜಿಂಗ್ 2.2 ಆಂಪಿಯರಿನಲ್ಲಿ, ಸೆಲ್ಲುಗಳನ್ನು ಸಮನಾಗಿ ತುಂಬಿಸುವ ಬ್ಯಾಲೆನ್ಸ್ ತಂತಿ ಜೋಡಿಸಿಯೇ, ನೀವು ಪಕ್ಕದಲ್ಲಿರುವಾಗಲೇ ನಡೆಯಲಿ. ಹಾಸಿಗೆ, ಸೋಫಾ ಮೇಲೆ ಖಂಡಿತ ಬೇಡ. ಹಾರಾಟದ ಸಮಯಕ್ಕೂ ಲೆಕ್ಕವಿದೆ. 2200ರಲ್ಲಿ ಶೇ. 80 ಅಂದರೆ 1760 ಎಂಎಎಚ್ ಬಳಸಬಹುದು, ಸರಾಸರಿ 10 ಆಂಪಿಯರ್ ಎಳೆದರೆ ಹತ್ತು ನಿಮಿಷ ಬರುತ್ತದೆ. ಟೈಮರ್ ಎಂಟಕ್ಕೆ ಇಡಿ. ಇಳಿಸುವ ಮೊದಲ ಪ್ರಯತ್ನ ತಪ್ಪಿದರೆ ಮತ್ತೊಂದು ಸುತ್ತಿಗೆ ಉಳಿದಿರುತ್ತದೆ.

ಮಂಗಳೂರಿನಲ್ಲಿ ಸಲೀಸಾಗಿ ಹಾರುತ್ತಿದ್ದ ವಿಮಾನ ಬೆಂಗಳೂರಿಗೆ ತಂದ ಮೇಲೆ ಮಂಕಾಗಿದೆ. ಮೋಟರ್ ಹಳತಾಯಿತೇ?
– ಬೆಂಗಳೂರಿನ ಓದುಗರು

ಮೋಟರಿನದೇನೂ ತಪ್ಪಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ಶೇ. 8ರಷ್ಟು ತೆಳು. ಪ್ರೊಪೆಲರಿನ ಎಳೆತ, ರೆಕ್ಕೆಯ ಎತ್ತುವ ಬಲ ಎರಡೂ ಅಷ್ಟೇ ತಗ್ಗುತ್ತವೆ. ಎತ್ತರ ಕಾಯ್ದುಕೊಳ್ಳಲು ವಿಮಾನ ಶೇ. 4-5 ಹೆಚ್ಚು ವೇಗದಲ್ಲಿ ಹೋಗಬೇಕು. ಮಂಗಳೂರಿನಲ್ಲಿ ಇಳಿಸುತ್ತಿದ್ದ ವೇಗಕ್ಕೇ ಇಲ್ಲೂ ಇಳಿಸಲು ಹೋದರೆ ನೆಲಕ್ಕೆ ಒಂದಾಳೆತ್ತರವಿರುವಾಗ ದೊಪ್ಪನೆ ಬೀಳುತ್ತದೆ. ದೊಡ್ಡ ಪ್ರೊಪೆಲರ್ ಹಾಕಿ ಮೋಟರ್ ಕಾಯಿಸುವ ಬದಲು 50-60 ಗ್ರಾಂ ತೂಕ ಇಳಿಸಿ.

ಜೊತೆಗೆ ಆಷಾಢ. ಮಕ್ಕಳ ಗಾಳಿಪಟಕ್ಕೆ ಹಬ್ಬವಾದ ಗಾಳಿ ಕಲಿಯುವವರ ವಿಮಾನಕ್ಕೆ ವೈರಿ. 700 ಗ್ರಾಂ ವಿಮಾನ ಬೀಳದೆ ಹಾರುವ ಕನಿಷ್ಠ ವೇಗ ಗಂಟೆಗೆ 23-24 ಕಿ.ಮೀ. ಆಸುಪಾಸು. ಎದುರುಗಾಳಿಯೇ 20 ಇದ್ದರೆ ಅದು ನಿಂತಲ್ಲೇ ನಿಂತಂತೆ, ತಿರುಗಿದರೆ ಕೈಗೆ ಸಿಗದಂತೆ ಓಡುತ್ತದೆ. ಬೆಳಗ್ಗೆ ಆರೂವರೆಯಿಂದ ಎಂಟೂವರೆಯೊಳಗೆ ಹಾರಿಸಿ. ಹೊತ್ತೇರಿದ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿದ್ದರೆ ಅಲ್ಲಿ ಬಿಸಿಗಾಳಿ ಏಳುತ್ತಿದೆ ಎಂದು ತಿಳಿಯಿರಿ. ಗ್ಲೈಡರ್ ಹಾರಿಸುವವರಿಗೆ ಅದು ವರ, ಆದರೆ ಹದ್ದು ಮೇಲೆರಗುವುದೂ ಉಂಟು. ಹತ್ತಿರ ಬಂದರೆ ನೀವೇ ಇಳಿಸಿಬಿಡಿ, ಆಕಾಶ ಅದರದ್ದು.

ವಿಮಾನ ನಿಲ್ದಾಣದಿಂದ ಒಂಬತ್ತು ಕಿ.ಮೀ. ದೂರದ ಹೊಲದಲ್ಲಿ ಹಾರಿಸಬಹುದೇ? ಲೈಸೆನ್ಸ್ ಬೇಕೇ?
– ಹುಬ್ಬಳ್ಳಿಯ ಓದುಗರು

ಇದಕ್ಕೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ನಿಲ್ದಾಣದ ಸುತ್ತುಗೋಡೆಯಿಂದ 8ರಿಂದ 12 ಕಿ.ಮೀ. ನಡುವಿನ ಹಸಿರು ವಲಯದಲ್ಲಿ 200 ಅಡಿಯವರೆಗೆ, ಅದರಾಚೆಗಿನ ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿಯಿಲ್ಲದೆ ಹಾರಿಸಬಹುದು. 200 ಅಡಿ ಎಂದರೆ ಮೂರು ತೆಂಗಿನ ಮರ. ಎರಡು ಕಿಲೋವರೆಗಿನದನ್ನು ಹಣಕ್ಕಾಗಿ ಅಲ್ಲದೆ ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ನಿಮ್ಮ ಹೊಲ ಯಾವ ಬಣ್ಣದ ವಲಯದಲ್ಲಿದೆ ಎಂಬುದನ್ನು ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನೋಡಿ, ನೋಂದಣಿ ಏನು ಬೇಕು ಎಂಬುದನ್ನೂ ತಿಳಿದುಕೊಳ್ಳಿ. ವಲಯಗಳು ಬದಲಾಗುತ್ತವೆ, ಆದ್ದರಿಂದ ಹೋಗುವ ದಿನವೇ ನೋಡಿ. ಹೊಲದ ಯಜಮಾನರ ಒಪ್ಪಿಗೆ ಪಡೆಯಿರಿ. ದನ ಮೇಯುವ ಕಡೆ, ಕರೆಂಟ್ ಲೈನಿನ ಹತ್ತಿರ ಬೇಡ. ವಿಮಾನದೊಳಗಿನ ರಿಸೀವರಿನಲ್ಲಿ ಫೇಲ್‌ಸೇಫ್ (ಸಂಪರ್ಕ ತಪ್ಪಿದರೆ ಮೋಟರ್ ನಿಲ್ಲಿಸುವ ವ್ಯವಸ್ಥೆ) ಹೊಂದಿಸಿ, ಟ್ರಾನ್ಸ್‌ಮಿಟರ್ ಆರಿಸಿದರೆ ಮೋಟರ್ ನಿಲ್ಲುತ್ತದೆಯೇ ಎಂದು ಪ್ರೊಪೆಲರ್ ಬಿಚ್ಚಿ ಪರೀಕ್ಷಿಸಿ.

ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದ ಸೋದರಮಾವನ ಪೆಟ್ಟಿಗೆಯಲ್ಲಿ ಪುಟ್ಟ ಎಂಜಿನ್ ಸಿಕ್ಕಿದೆ. ತಿರುಗುತ್ತಿಲ್ಲ. ಪೆಟ್ರೋಲ್ ಹಾಕಿದರೆ ಓಡೀತೇ?
– ಧಾರವಾಡದ ಓದುಗರು

ಪೆಟ್ರೋಲ್ ಬೇಡ. ಎಂಜಿನ್ನಿನ ನೆತ್ತಿ ನೋಡಿ. ಅಲ್ಲಿ ‘ಟಿ’ ಆಕಾರದ ತಿರುಪು ಇದ್ದರೆ ಅದು ಮಾದರಿ ಡೀಸೆಲ್. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಸಮಪಾಲು ಬೆರೆಸಿದ ಇಂಧನ ಅದರದ್ದು. ಸಣ್ಣ ಪ್ಲಗ್ ಇದ್ದರೆ ಗ್ಲೋ ಎಂಜಿನ್. ಅದಕ್ಕೆ ಮೆಥನಾಲ್ 80 ಪಾಲು, ಹರಳೆಣ್ಣೆ 20 ಪಾಲು, ಶುರುವಿಗೆ ಪ್ಲಗ್ಗಿಗೆ 1.5 ವೋಲ್ಟ್.

ತಿರುಗದಿರುವುದು ತುಕ್ಕಿನಿಂದಲೇ ಆಗಬೇಕಿಲ್ಲ. ಹಳೆಯ ಹರಳೆಣ್ಣೆ ಗೋಂದಿನಂತೆ ಗಟ್ಟಿಯಾಗಿರುತ್ತದೆ. ಇಕ್ಕಳ ಹಾಕಿ ತಿರುಚಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೇರ್ ಡ್ರೈಯರಿನಿಂದ ಮುಟ್ಟಲಾಗದಷ್ಟು ಬಿಸಿ ಮಾಡಿ. ಬಿಸಿ ಆರುವ ಮೊದಲೇ ಗಾಳಿಕಿಂಡಿಯಿಂದಲೂ ಹೊಗೆಕಿಂಡಿಯಿಂದಲೂ ನಾಲ್ಕು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಪ್ರೊಪೆಲರ್ ಹಾಕಿ ಕೈಯಿಂದ ಮೆಲ್ಲಗೆ ಅತ್ತಿತ್ತ ಆಡಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ಬಿಡುತ್ತದೆ.

ಓಡಿಸುವುದಾದರೆ ದಪ್ಪ ಹಲಗೆಗೆ ನಾಲ್ಕು ಸ್ಕ್ರೂ ಹಾಕಿ ಬಿಗಿಯಿರಿ, ಪ್ರೊಪೆಲರಿನ ನೇರದಲ್ಲಿ ಯಾರೂ ನಿಲ್ಲಬಾರದು. ಮೆಥನಾಲ್ ವಿಷ, ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಈಥರಿನ ಆವಿಗೆ ದೂರದ ಕಿಡಿಯೂ ಸಾಕು. ಪೆಟ್ಟಿಗೆಯಲ್ಲಿ ಎರಡು ಉಕ್ಕಿನ ತಂತಿ ಸುತ್ತಿದ ಹಿಡಿಕೆ ಸಿಕ್ಕರೆ ಎಸೆಯಬೇಡಿ. ಅದು ಕಂಟ್ರೋಲ್ ಲೈನ್, ನಿಂತವನ ಸುತ್ತ ವಿಮಾನವನ್ನು ತಂತಿಯಿಂದಲೇ ನಡೆಸುವ ಬಗೆ. ಎನ್‌ಸಿಸಿಯ ಹುಡುಗರು ಅದರಲ್ಲಿ ಪಳಗಿದವರು.

ಎಂಟು ವರ್ಷದ ಮಗಳಿಗೆ ಖರ್ಚಿಲ್ಲದ ವಿಮಾನ ಯಾವುದು?
– ವಿಜಯಪುರದ ಓದುಗರು

ಥರ್ಮೋಕೋಲ್ ತಟ್ಟೆಯಿಂದ 30×6 ಸೆಂ.ಮೀ. ರೆಕ್ಕೆ, 10×4ರ ಅಡ್ಡಬಾಲ, 5×4ರ ನಿಲುಬಾಲ ಕತ್ತರಿಸಿ. 25 ಸೆಂ.ಮೀ. ಬಿದಿರು ಕಡ್ಡಿಯ ಮುಂತುದಿಯಿಂದ 7 ಸೆಂ.ಮೀ. ಬಿಟ್ಟು ರೆಕ್ಕೆಯನ್ನು, ಹಿಂತುದಿಗೆ ಎರಡೂ ಬಾಲಗಳನ್ನು ಫೆವಿಕಾಲಿನಿಂದ ಅಂಟಿಸಿ. ಅಂಟಿಸುವ ಮುನ್ನವೇ ರೆಕ್ಕೆಯ ಮಧ್ಯ ಸೀಳಿ ತುದಿಗಳನ್ನು 3 ಸೆಂ.ಮೀ. ಎತ್ತಿ. ರೆಕ್ಕೆಯ ಮುಂಗಡೆಯಿಂದ 2 ಸೆಂ.ಮೀ.ಯಲ್ಲಿ ಬೆರಳ ಮೇಲೆ ನಿಲ್ಲುವಷ್ಟು ಮಣ್ಣನ್ನು ಮೂತಿಗೆ ಮೆತ್ತಿ. ಮೂತಿ ಕುಕ್ಕಿದರೆ ಅಡ್ಡಬಾಲದ ಹಿಂಭಾಗವನ್ನು ಒಂದೆರಡು ಮಿ.ಮೀ. ಮೇಲಕ್ಕೆ ಬಾಗಿಸಿ, ಎದ್ದು ಎದ್ದು ಬಿದ್ದರೆ ಚಿಟಿಕೆ ಮಣ್ಣು ಸೇರಿಸಿ. ಫ್ರಾನ್ಸಿನ ಅಲ್ಫೋನ್ಸ್ ಪೆನೊ 1871ರಲ್ಲಿ ಪ್ಯಾರಿಸಿನಲ್ಲಿ 11 ಸೆಕೆಂಡು ಹಾರಿಸಿದ ರಬ್ಬರ್ ವಿಮಾನ ನೆಟ್ಟಗೆ ಸಾಗಿದ್ದೂ ಬಾಲದ ಇಂಥದ್ದೇ ಸಣ್ಣ ಓರೆಯಿಂದ. ಬಾಗಿಸುವ ಕೆಲಸ ಮಗಳ ಕೈಯಲ್ಲೇ ಆಗಲಿ, ನೀವು ಎಸೆದುಕೊಡಿ.