ಕಾಲು ಮುರಿದು ರಾಡ್ ಹಾಕಿದ್ದಾರೆ, ವಿಮಾ ಕಂಪನಿ ಹೇಳಿದ ಮೊತ್ತಕ್ಕೆ ಒಪ್ಪಲೋ, ಜಾಸ್ತಿ ಕೇಳಲೋ?

ಎರಡೂ ಬೇಡ. ಆಪರೇಷನ್ ಆಗಿ ಮೂರು ತಿಂಗಳೂ ಆಗಿಲ್ಲ ಅಂತೀರಿ. ಇಷ್ಟು ಬೇಗ ನಿಮ್ಮ ಕಾಲಿಗೆ ಬೆಲೆ ಕಟ್ಟಲು ಯಾರಿಂದಲೂ ಆಗುವುದಿಲ್ಲ.

ನನ್ನ ಬೈಕಿಗೆ ತಿರುವಿನಲ್ಲಿ ಕಾರು ಗುದ್ದಿತ್ತು. ಮಂಡಿಯ ಕೆಳಗಿನ ಎರಡು ಮೂಳೆಗಳು, ದಪ್ಪದ ಟಿಬಿಯಾ ಮತ್ತು ಅದರ ಪಕ್ಕದ ತೆಳ್ಳಗಿನ ಫಿಬುಲಾ, ಎರಡೂ ಮುರಿದವು. ಟಿಬಿಯಾದ ಮುಂಭಾಗಕ್ಕೆ ಮಾಂಸದ ಹೊದಿಕೆಯೇ ಇಲ್ಲ, ಚರ್ಮದ ಕೆಳಗೇ ಮೂಳೆ. ಹಾಗಾಗಿ ನನ್ನದು ಚರ್ಮ ಸೀಳಿಕೊಂಡು ಹೊರಗೇ ಬಂದಿತ್ತು. ಗಾಯ ತೊಳೆದು, ಮೂಳೆಯೊಳಗೆ ರಾಡ್ ಕೂರಿಸಿದರು. ಕೆಲವು ವಾರಕ್ಕೆ ವಾಕರ್ ಹಿಡಿದು ನಡೆದಾಡತೊಡಗಿದೆ. ಎಕ್ಸ್‌ರೇ ನೋಡಿ ಡಾಕ್ಟರೂ ಪರವಾಗಿಲ್ಲ ಎಂದರು.

ಆಗಲೇ ವಿಮಾ ಕಂಪನಿಯಿಂದ ರಾಜಿ ಪತ್ರ ಬಂತು. ಸಂಬಳ ನಿಂತಿತ್ತು, ಸಾಲದ ಕಂತು ನಿಂತಿರಲಿಲ್ಲ. ಮೊತ್ತ ನೋಡಿ ಸಹಿ ಹಾಕಿದೆ. ಅದರಲ್ಲಿ ಇನ್ನೊಂದು ಸಾಲಿತ್ತು: ಈ ಗಾಯದಿಂದ ಮುಂದೆ ಏನೇ ತೊಂದರೆ ಬಂದರೂ ಮತ್ತೆ ಕೇಳುವಂತಿಲ್ಲ. ಓದಿರಲಿಲ್ಲ ಅಂತಲ್ಲ, ಓದಿದ್ದೆ. ನಡೆಯುತ್ತಿದ್ದೇನಲ್ಲ, ಇನ್ನೇನು ತೊಂದರೆ ಅಂದುಕೊಂಡೆ. ರಾಡ್ ಇದ್ದರೆ ಮೂಳೆ ಕೂಡದಿದ್ದರೂ ನಡೆಯಬಹುದು. ಭಾರ ಹೊರುವುದು ರಾಡ್. ಇದು ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಟಿಬಿಯಾ ಕೂಡಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು, ಚರ್ಮ ಸೀಳಿದ್ದರೆ ಇನ್ನೂ ಜಾಸ್ತಿ. ಕೆಳಗಿನ ಮೂರನೇ ಒಂದು ಭಾಗಕ್ಕೆ ರಕ್ತದ ಪೂರೈಕೆಯೂ ಕಮ್ಮಿ. ನನ್ನದು ಮುರಿದಿದ್ದು ಅಲ್ಲೇ. ಮೂಳೆ ಕೂಡಲೇ ಇಲ್ಲ. ಹಳೆಯ ರಾಡ್ ತೆಗೆದು ದಪ್ಪದ್ದು ಹಾಕಿದರು, ಸೊಂಟದ ಮೂಳೆಯಿಂದ ಚೂರು ತೆಗೆದು ತುಂಬಿದರು. ಮತ್ತೆ ರಜೆ, ಮತ್ತೆ ಫಿಸಿಯೋಥೆರಪಿ. ವಕೀಲರಿಗೆ ಪತ್ರ ತೋರಿಸಿದೆ. ಆ ಸಾಲಿನ ಮೇಲೆ ಬೆರಳಿಟ್ಟು ಪತ್ರ ವಾಪಸ್ ಕೊಟ್ಟರು, ಅಷ್ಟೇ.

ಇಂಟರ್‌ನೆಟ್ಟಿನಲ್ಲಿ ಸಿಗುವ 'ಇಂಥ ಮುರಿತಕ್ಕೆ ಇಷ್ಟು' ಎಂಬ ಲೆಕ್ಕಗಳನ್ನು ನಾನಂತೂ ನಂಬುವುದಿಲ್ಲ. ಮೂಳೆಯ ನಡುವೆ ಮುರಿದು ಸರಿಯಾಗಿ ಕೂಡಿದವರೂ ಇದ್ದಾರೆ. ಬಿರುಕು ಮಂಡಿ ಅಥವಾ ಪಾದದ ಕೀಲಿನೊಳಗೆ ಹೋಗಿ, ವರ್ಷಗಳ ನಂತರ ಸಂಧಿವಾತ ಬಂದವರೂ ಇದ್ದಾರೆ. ಇಬ್ಬರಿಗೂ ಒಂದೇ ಲೆಕ್ಕ ಹೇಗಾಗುತ್ತದೆ? ರಾಡ್ ಹಾಕಿದ ಮೇಲೆ ಮಂಡಿ ನೋವು ಉಳಿಯುವುದೂ ಸಾಮಾನ್ಯ. ಮಂಡಿಯೂರಿ ಮಾಡುವ ಕೆಲಸ ನಿಮ್ಮದಾಗಿದ್ದರೆ ಅದು ನೇರವಾಗಿ ದುಡಿಮೆಯ ನಷ್ಟ.

ದುಡ್ಡಿನ ತುರ್ತಿದ್ದರೆ ಮಧ್ಯಂತರ ಪಾವತಿ, ಅಂದರೆ ಅಂತಿಮ ತೀರ್ಮಾನಕ್ಕೆ ಮೊದಲೇ ಒಂದಿಷ್ಟು ಹಣ, ಕೇಳಿ, ಕೆಲವು ಕಡೆ ಅದಕ್ಕೆ ಅವಕಾಶವಿದೆ. ಆದರೆ ಕಾಯುವ ಭರದಲ್ಲಿ ಪರಿಹಾರದ ಅರ್ಜಿಯ ಗಡುವು ಮೀರಬಾರದು. ಆ ದಿನಾಂಕ ಯಾವುದು ಎಂದು ವಕೀಲರನ್ನು ಈ ವಾರವೇ ಕೇಳಿ. ಅರ್ಜಿ ಹಾಕುವುದು ಬೇರೆ, ರಾಜಿ ಮಾಡಿಕೊಳ್ಳುವುದು ಬೇರೆ. ಹಾಗೇ, ಸಿಗರೇಟ್ ಸೇದುತ್ತಿದ್ದರೆ ಬಿಡಿ. ಸುಮ್ನೆ ಹೇಳುತ್ತಿಲ್ಲ, ಮೂಳೆ ಕೂಡುವುದನ್ನು ಅದು ನಿಧಾನ ಮಾಡುತ್ತದೆ.

ಡಾಕ್ಟರ ಹತ್ತಿರ ಮೂರು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ: ಮೂಳೆ ಪೂರ್ತಿ ಕೂಡಿದೆಯೇ, ರಾಡ್ ತೆಗೆಯಲು ಅಥವಾ ಬೇರೆ ಯಾವುದಕ್ಕಾದರೂ ಇನ್ನೊಂದು ಆಪರೇಷನ್ ಬೇಕೇ, ಶಾಶ್ವತವಾಗಿ ಉಳಿಯುವ ಊನವೇನು. ಇವಕ್ಕೆ ಉತ್ತರ ಬರುವವರೆಗೂ ಕಂಪನಿಯವರು ಎಷ್ಟೇ ಸಲ ಫೋನ್ ಮಾಡಲಿ, ಚಿಕಿತ್ಸೆ ಇನ್ನೂ ನಡೆಯುತ್ತಿದೆ ಎಂದು ಹೇಳಿ ಇಟ್ಟುಬಿಡಿ.