ಮಾಡಿನ ದುಡ್ಡು, ಭಾವನ ಪುಸ್ತಕ

ಪತ್ರ:

ಅಕ್ಕಾ, ನಾನು ಹೊನ್ನಾವರ ಕಡೆಯ ಕರಾವಳಿ ಊರಿನವಳು. ವಯಸ್ಸು 47, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಹೋದ ವರ್ಷ ನಮ್ಮ ಚರ್ಚಿನ ಪಾಲನಾ ಪರಿಷತ್ತಿಗೆ, ಅಂದರೆ ಫಾದರ್‌ಗೆ ಸಲಹೆ ಕೊಡುವ ಸಮಿತಿಗೆ, ನನ್ನನ್ನು ಕಾರ್ಯದರ್ಶಿ ಮಾಡಿದರು. ನನ್ನ ಗಂಡನ ಅಣ್ಣ 18 ವರ್ಷದಿಂದ ಚರ್ಚಿನ ಲೆಕ್ಕ ನೋಡುತ್ತಿದ್ದಾರೆ. ಚರ್ಚಿನ ಮಾಡು (ಛಾವಣಿ) ರಿಪೇರಿಗೆ ಅಂತ 6 ಲಕ್ಷ ರೂಪಾಯಿ ಕೂಡಿತ್ತು. ಗಲ್ಫಿನಲ್ಲಿರುವ ನಮ್ಮೂರ ಹುಡುಗರೂ ಕಳಿಸಿದ್ದರು. ಅದರಲ್ಲಿ 1.80 ಲಕ್ಷ ಸ್ಮಶಾನದ ಗೋಡೆಗೆ ಖರ್ಚಾಯಿತು. ಮಳೆಗೆ ಗೋಡೆ ಬಿದ್ದಿತ್ತು, ಕಟ್ಟಲೇಬೇಕಿತ್ತು. ಆದರೆ ಜನರಿಗೆ ಯಾರೂ ಹೇಳಿರಲಿಲ್ಲ. ಆಗಿದ್ದ ಫಾದರ್‌ಗೆ ವರ್ಗವಾಯಿತು. ಹೊಸ ಫಾದರ್ ಬಂದು ಮೂರು ತಿಂಗಳು. ಈಗ ದಂಡೆ ಕಡೆಯವರು, ಅಂದರೆ ಮೀನುಗಾರರ ಮನೆಯವರು, ವಾಟ್ಸಾಪ್ ಗ್ರೂಪಿನಲ್ಲಿ ಭಾವನನ್ನು ಕಳ್ಳ ಅನ್ನುತ್ತಿದ್ದಾರೆ. ಇದರ ಮಧ್ಯೆ ಭಾನುವಾರದ ಪೂಜೆ ಕನ್ನಡದಲ್ಲಿ ಆಗಲಿ ಅಂತ ಕೆಲವರು, ಕೊಂಕಣಿ ಬಿಡುವುದಿಲ್ಲ ಅಂತ ಹಿರಿಯರು. ಒಂದು ರಾತ್ರಿ ಸಿಟ್ಟು ತಡೆಯದೆ ನಾನೂ ‘ಬಲೆ ಎಳೆಯುವವರಿಗೆ ಲೆಕ್ಕ ಏನು ಗೊತ್ತು’ ಅಂತ ಹಾಕಿಬಿಟ್ಟೆ. ಆಮೇಲೆ ಅಳಿಸಿದೆ. ಲೆಕ್ಕದ ಪುಸ್ತಕ ಒಮ್ಮೆ ತೋರಿಸಿ ಅಂತ ಭಾವನಿಗೆ ಕೇಳಿದೆ. ‘ನೀನೂ ಅವರ ಕಡೆಯಾ?’ ಅಂದವರು ಅವತ್ತಿನಿಂದ ಮಾತು ಬಿಟ್ಟಿದ್ದಾರೆ. ರಾಜೀನಾಮೆ ಕೊಟ್ಟು ಸುಮ್ಮನಾಗಲಾ?

ಉತ್ತರ:

ತಂಗಿ, ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಇಲ್ಲಿ ಮೊಟಕು ಮಾಡಿ ಹಾಕಿದ್ದೇನೆ. ಮೂರು ಪುಟ ಭಾವನ ಲೆಕ್ಕದ್ದೇ. ಉಳಿದದ್ದು ಪೂಜೆಯ ಭಾಷೆಯದ್ದು. ನೀವು ಗ್ರೂಪಿಗೆ ಹಾಕಿದ ಆ ಮಾತಿಗೆ ಸಿಕ್ಕಿದ್ದು ಎರಡೇ ಸಾಲು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ಅಳಿಸಿದೆ ಅಂತೀರಿ. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ದುಬೈ, ಕುವೈತ್ ಮುಟ್ಟಿರುತ್ತದೆ. ಅದರಲ್ಲೂ ಬರೆದದ್ದು ಶಾಲೆಯ ಅಕ್ಕೋರು! ಅವರ ಮನೆ ಮಕ್ಕಳು ಸೋಮವಾರ ಬೆಳಗ್ಗೆ ನಿಮ್ಮೆದುರೇ ಬೆಂಚಿನಲ್ಲಿ ಕೂತಿರುತ್ತಾರೆ. ಭಾವನನ್ನು ಕಳ್ಳ ಅಂದದ್ದು ತಪ್ಪು, ಒಪ್ಪಿದೆ. ಆದರೆ ಅದು ಒಬ್ಬರ ಮೇಲಿನ ಆರೋಪ. ಲೆಕ್ಕ ಸರಿಯಿದ್ದರೆ ಒಂದು ಕಾಗದ ತೋರಿಸಿದ ಕೂಡಲೇ ಬಿದ್ದುಹೋಗುತ್ತದೆ. ನಿಮ್ಮ ಮಾತು ಇಡೀ ದಂಡೆಯವರ ಮೇಲೆ ಬಿತ್ತು. ಅದನ್ನು ಅಳಿಸುವ ರಸೀದಿ ಯಾವುದೂ ಇಲ್ಲ.

ಮೇಲಾಗಿ ಅದು ಸುಳ್ಳು ಮಾತು. ನಾನು ಘಟ್ಟದ ಮೇಲಿನವಳು, ಮೀನು ತಿನ್ನುವವಳಲ್ಲ. ಆದರೆ ಮದುವೆಯಾದ ಹೊಸತರಲ್ಲಿ ಯಜಮಾನರ ನೌಕರಿ ಕುಮಟಾದಲ್ಲಿತ್ತು. ಎಪ್ಪತ್ತರ ದಶಕದ ಕೊನೆ. ಯಂತ್ರದ ಪರ್ಸೀನ್ ಬೋಟು ಬಂದು, ದಂಡೆಯಿಂದ ಕೈಯಲ್ಲಿ ಎಳೆಯುವ ರಾಂಪಣಿ ಬಲೆ ಮೂಲೆ ಸೇರುತ್ತಿದ್ದ ಕಾಲ. ಆದರೂ ಸಂಜೆ ದಂಡೆಗೆ ಹೋದರೆ ಒಮ್ಮೊಮ್ಮೆ ರಾಂಪಣಿ ಎಳೆಯುವುದು ನೋಡಲಿಕ್ಕೆ ಸಿಗುತ್ತಿತ್ತು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಿದ್ದರು. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ಸಾಲಾಗಿ ನಿಂತು ಎಳೆಯುವುದು. ಒಂದು ಕಡೆಯವರು ಅವಸರ ಮಾಡಿದರೆ ಬಲೆ ಓರೆಯಾಗುತ್ತಿತ್ತು. ನಡುವೆ ಒಬ್ಬ ಮುದುಕ ನಿಂತು ಕೂಗಿ ಕೂಗಿ ಸರಿ ಮಾಡುತ್ತಿದ್ದ. ನನಗೆ ಹೆಚ್ಚು ನೆನಪಿರುವುದು ಆಮೇಲಿನದು. ದೋಣಿಯ ಪಾಲು, ಬಲೆಯ ಪಾಲು, ಎಳೆದವರ ಪಾಲು. ಎಲ್ಲ ಮರಳಿನ ಮೇಲೆ, ಎಲ್ಲರ ಕಣ್ಣೆದುರು. ಸಂಶಯ ಬಂದವನು ಅಲ್ಲೇ ಬಾಯಿ ಮಾಡುತ್ತಿದ್ದ. ಜೋರು ಜಗಳವೇ ಆಗುತ್ತಿತ್ತು. ಬುಟ್ಟಿ ಎತ್ತುವಷ್ಟರಲ್ಲಿ ಮುಗಿದೂ ಹೋಗುತ್ತಿತ್ತು.

ಅಂಥ ಲೆಕ್ಕ ನೋಡಿ ಬೆಳೆದ ಮನೆಗಳವರು ಅವರು. ನಿಮ್ಮ ಚರ್ಚಿನ ಲೆಕ್ಕ ಭಾವನ ಕಪಾಟಿನಲ್ಲಿದೆ.

ಹಾಗಾಗಿ ಮೊದಲ ಕೆಲಸ, ಗ್ರೂಪಿನಲ್ಲಿ ಯಾರಿಗೆ ಉತ್ತರವಾಗಿ ಆ ಮಾತು ಹಾಕಿದಿರೋ ಅವರ ಮನೆಗೆ ಹೋಗುವುದು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಅಂತ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ‘ನಾನು ಹಾಗೆ ಬರೆಯಬಾರದಿತ್ತು, ತಪ್ಪಾಯಿತು’ ಅಂದರೆ ಸಾಕು. ಅದರ ಹಿಂದೆ ‘ಆದರೆ ನೀವೂ...’ ಅಂತ ಬಾಲ ಕಟ್ಟಬೇಡಿ. ಗ್ರೂಪಿನಲ್ಲಿ ಅಂದದ್ದಕ್ಕೆ ಗ್ರೂಪಿನಲ್ಲೂ ಒಂದು ಸಾಲು ಹಾಕಿ. ಆದರೆ ಮನೆಗೆ ಹೋಗಿ ಬಂದ ಮೇಲೆ ಹಾಕಿ.

ಇನ್ನು ಭಾವ.

‘ನೀನೂ ಅವರ ಕಡೆಯಾ’ ಅನ್ನುವುದರಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇದೆ ಅಂತ ನನಗನ್ನಿಸಿತು. 18 ವರ್ಷ ಸಂಬಳ ಇಲ್ಲದೆ ಕಾಣಿಕೆ ಡಬ್ಬಿಯ ಚಿಲ್ಲರೆ ಎಣಿಸಿದವರು. ಯಾರಾದರೂ ಒಂದು ಸಲ ಥ್ಯಾಂಕ್ಸ್ ಹೇಳಿದ್ದರಾ? ಈಗ ಏಕಾಏಕಿ ಕಳ್ಳ. ಆ ಹೊತ್ತಿನಲ್ಲಿ ಸ್ವಂತ ತಮ್ಮನ ಹೆಂಡತಿ ಬಂದು ಪುಸ್ತಕ ತೋರಿಸಿ ಅಂದರೆ ಅವರಿಗೆ ಕೇಳಿಸುವುದೇ ಬೇರೆ. ಹಾಗಂತ ಪುಸ್ತಕ ಮುಚ್ಚಿಡುವುದು ಸರಿ ಅನ್ನುತ್ತಿಲ್ಲ. ಕೇಳುವ ರೀತಿ ಬದಲಿಸಿ. ಈ ಸಲ ನಿಮ್ಮ ಯಜಮಾನರನ್ನು ಕರೆದುಕೊಂಡು ಹೋಗಿ. ‘ಭಾವ, ನಿಮ್ಮ ಹೆಸರು ಉಳಿಯಬೇಕಾದರೆ ಪುಸ್ತಕ ನೀವಾಗಿಯೇ ತೆಗೆದಿಡಬೇಕು. ನಾವು ಕಸಿದುಕೊಂಡ ಹಾಗೆ ಕಾಣಬಾರದು’ ಅಂತ ಹೇಳಿ. ಪುಸ್ತಕವನ್ನು ನೀವು ನೋಡಲೂಬೇಡಿ. ಸಂಬಂಧಿ ನೋಡಿ ಸರಿ ಅಂದರೆ ಊರು ನಂಬುತ್ತದಾ? ‘ಲೆಕ್ಕ ನೋಡುವಾಗ ನಾನು ಕೂರುವುದಿಲ್ಲ, ಅವರು ನನ್ನ ಭಾವ’ ಅಂತ ಪರಿಷತ್ತಿನ ಎದುರೇ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ನನ್ನ ಪರಿಚಯದ ನಿವೃತ್ತ ಫಾದರ್ ಒಬ್ಬರ ಹತ್ತಿರ ಚರ್ಚಿನ ನಿಯಮ ಕೇಳಿದೆ. ನಿಮ್ಮ ಕೆಥೋಲಿಕ ಚರ್ಚಿಗೆ 1983ರ ಕಾನೂನು ಸಂಹಿತೆ ಇದೆಯಲ್ಲ, ಅದರಲ್ಲಿ ಈ ಜಗಳಕ್ಕೆ ಬೇಕಾದದ್ದೆಲ್ಲ ಇದೆ. ಜನ ಒಂದು ಉದ್ದೇಶಕ್ಕೆ ಅಂತ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು (1267ನೇ ನಿಯಮ). ಅಂದರೆ ಮಾಡಿನ ದುಡ್ಡು ಗೋಡೆಗೆ ಯಾಕೆ ಹೋಯಿತು ಅಂತ ಕೇಳುವುದು ತಲೆಹರಟೆ ಅಲ್ಲ, ಅವರ ಹಕ್ಕು. ಜನರ ಕಾಣಿಕೆಯ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕು (1287). ಪ್ರತಿ ಚರ್ಚಿಗೂ ಹಣಕಾಸು ಸಮಿತಿ ಇರಲೇಬೇಕು (537). ನಿಮ್ಮ ಪತ್ರದಲ್ಲಿ ಆ ಸಮಿತಿಯ ಸುದ್ದಿಯೇ ಇಲ್ಲ. ಭಾವ ಒಬ್ಬರೇ ಸಮಿತಿಯಾಗಿಬಿಟ್ಟಿದ್ದಾರೆ ಅಂತ ನನ್ನ ಗುಮಾನಿ. ನಮ್ಮ ಕಡೆ ಹೀಗಾಗುವುದು ಹೊಸದೇನಲ್ಲ. ಚೆನ್ನಾಗಿ ಕೆಲಸ ಮಾಡುವವರ ಮೇಲೆ ಎಲ್ಲ ಹೊರಿಸಿ ಉಳಿದವರು ಆರಾಮಾಗಿರುತ್ತಾರೆ. ತಪ್ಪಾದ ದಿನ ಕೂಗಲಿಕ್ಕೆ ಎಲ್ಲರೂ ಹಾಜರು.

ಇನ್ನೊಂದು. ವರ್ಗವಾಗಿ ಹೋದ ಫಾದರ್ ಎಲ್ಲಿಗೋ ಮಾಯವಾಗಿಲ್ಲ. ಗೋಡೆ ಕಟ್ಟಿಸಲು ಹೇಳಿದ್ದು ಅವರಾ, ಬರಹದಲ್ಲಿ ಏನಾದರೂ ಇದೆಯಾ ಅಂತ ಈಗಿನ ಫಾದರ್ ಒಂದು ಫೋನ್ ಮಾಡಿ ಕೇಳಬಹುದು. ಚರ್ಚಿನ ಆಸ್ತಿಪಾಸ್ತಿಗೆ ಹೊಣೆ ಫಾದರ್. ಭಾವ ಒಬ್ಬರೇ ಅಷ್ಟು ದೊಡ್ಡ ಮೊತ್ತ ತಿರುಗಿಸಿರಲಾರರು.

ನನ್ನದೂ ಒಂದು ಕಥೆ ಹೇಳುತ್ತೇನೆ. ಶಿರಸಿ ತಾಲೂಕಿನ ನಮ್ಮೂರ ದೇವಸ್ಥಾನದ ಸಮಿತಿಯಲ್ಲಿ ಆರು ವರ್ಷ ಇದ್ದೆ. ಪೌಳಿಯ ಹಳೇ ಹಂಚು ತೆಗೆದು ಶೀಟು ಹಾಕಿಸೋಣ ಅಂತ ನಾವು ಮೂವರೇ ಕೂತು ತೀರ್ಮಾನಿಸಿದೆವು. ದುಡ್ಡು ಉಳಿಯಿತು. ಸಭೆಯಲ್ಲಿ ಹೆಮ್ಮೆಯಿಂದ ಓದಿದೆ. ಒಬ್ಬ ಹಿರಿಯರು ಎದ್ದು ಹೋದರು. ಎರಡು ವರ್ಷ ದೇವಸ್ಥಾನದ ಕಡೆ ತಲೆ ಹಾಕಲಿಲ್ಲ. ಶೀಟಿನ ಸದ್ದಿಗೋ, ಸೆಖೆಗೋ, ಉಳಿದ ದುಡ್ಡಿನ ಮೇಲೆ ಸಂಶಯವೋ ಅಂತ ನಾವೇ ಏನೇನೋ ಲೆಕ್ಕ ಹಾಕಿದೆವು. ಕೊನೆಗೆ ನಾನೇ ಅವರ ಮನೆಗೆ ಹೋದೆ. ಕುಡಿಯಲು ಆಸರಿಗೆ ಕೊಟ್ಟರು, ಎಲೆ ಅಡಿಕೆಯ ಕವಳದ ಬಟ್ಟಲು ಮುಂದಿಟ್ಟರು. ಅರ್ಧ ಗಂಟೆ ಅಡಿಕೆ ರೇಟಿನ ಮಾತಾಯಿತು. ಏಳುವ ಹೊತ್ತಿಗೆ ಅಂದರು, ‘ಆ ಹಂಚು ನನ್ನ ಅಪ್ಪಯ್ಯ ಕೊಡಿಸಿದ್ದು. ತೆಗೆಯಬೇಡಿ ಅಂತಿರಲಿಲ್ಲ. ಒಂದು ಮಾತು ಕೇಳ್ಬೇಕಿತ್ತು.’

ನಿಮ್ಮೂರ ಗೋಡೆಯೂ ಹೀಗೇ ಇರಬಹುದು. ಅಲ್ಲಿ ಮಲಗಿರುವುದು ದಂಡೆಯವರ ಅಜ್ಜ ಅಜ್ಜಿಯರೂ ಹೌದು. ಗೋಡೆಗೆ ಕೊಡಿ ಅಂದಿದ್ದರೆ ಕೊಡುತ್ತಿದ್ದರು.

ಭಾವ ಒಪ್ಪಿದ ಮೇಲೆ ಫಾದರ್ ಹತ್ತಿರ ಹೋಗಿ ಒಂದು ಸಭೆ ಕರೆಸಿ. ಪೂಜೆ ಮುಗಿದ ಕೂಡಲೇ ಬೇಡ. ಆಗ ಎಲ್ಲರಿಗೂ ಮನೆಯ ಅವಸರ. ಭಾನುವಾರ ಸಂಜೆ ಇಡಿ. ಬೇರೆ ಊರಿನ ಹಿರಿಯ ಫಾದರ್ ಅಥವಾ ಸಿಸ್ಟರ್ ಒಬ್ಬರನ್ನು ನಡೆಸಿಕೊಡಲು ಕರೆಯಿರಿ. ಹೊಸ ಫಾದರನ್ನೇ ನಡುವೆ ಕೂರಿಸಿದರೆ ಮೂರನೇ ತಿಂಗಳಿಗೇ ಒಂದು ಕಡೆಯವರು ಅವರಿಗೂ ಹಣೆಪಟ್ಟಿ ಅಂಟಿಸುತ್ತಾರೆ. ಎಷ್ಟು ಬಂತು, ಎಲ್ಲಿಗೆ ಹೋಯಿತು, ಎಷ್ಟು ಉಳಿದಿದೆ, ಯಾರು ಯಾವಾಗ ತೀರ್ಮಾನಿಸಿದರು. ಇಷ್ಟು ಒಂದೇ ಹಾಳೆಯಲ್ಲಿ ಬರಲಿ. ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿಸಿ ಕೈಗೆ ಕೊಡಿ, ಒಂದನ್ನು ಬೋರ್ಡಿಗೆ ಅಂಟಿಸಿ. ಮಾತಾಡುವಾಗ ಒಂದೇ ಕಟ್ಟಳೆ ಇರಲಿ. ಎದುರಿನವರು ಹೇಳಿದ್ದನ್ನು ಮೊದಲು ನಾವು ತಿರುಗಿ ಹೇಳಬೇಕು, ಅವರು ‘ಹೌದು, ಅದೇ’ ಅಂದ ಮೇಲೆ ನಮ್ಮ ಉತ್ತರ. ಮಕ್ಕಳಾಟದ ಹಾಗೆ ಕಾಣುತ್ತದೆ. ನಿಮ್ಮ ಕ್ಲಾಸಿನಲ್ಲಿ ಜಗಳ ಬಿಡಿಸುವಾಗ ನೀವು ಮಾಡುವುದೂ ಇದನ್ನೇ ಅಲ್ವಾ?

ಲೆಕ್ಕ ಪರಿಶೀಲಿಸಲು ಮೂರು ಜನರನ್ನು ಹಾಕಿ. ಅದರಲ್ಲಿ ಇಬ್ಬರು ದಂಡೆ ಕಡೆಯವರಿರಲಿ. ಒಬ್ಬರು ಅಂತ ಬರೆಯಲು ಹೊರಟಿದ್ದೆ, ಬೇಕಂತಲೇ ಇಬ್ಬರು ಅಂದೆ. ಇದು ನನ್ನ ಬುದ್ಧಿವಂತಿಕೆ ಅಲ್ಲ. ಬೈಬಲಿನಲ್ಲಿ ಪ್ರೇಷಿತರ (ಯೇಸುವಿನ ಆಪ್ತ ಶಿಷ್ಯರ) ಕಾರ್ಯಕಲಾಪಗಳ 6ನೇ ಅಧ್ಯಾಯ ತೆಗೆದು ನೋಡಿ. ಜೆರುಸಲೇಮಿನ ಮೊದಲ ಕ್ರೈಸ್ತ ಸಭೆಯಲ್ಲೇ ಜಗಳ. ಗ್ರೀಕ್ ಮಾತಾಡುವವರು ಒಂದು ಕಡೆ, ಹೀಬ್ರೂ ಕಡೆಯವರು ಇನ್ನೊಂದು ಕಡೆ. ದಿನಾ ಹಂಚುವುದರಲ್ಲಿ ನಮ್ಮ ವಿಧವೆಯರನ್ನು ಮರೆಯುತ್ತೀರಿ ಅಂತ ಗ್ರೀಕ್ ಮಾತಾಡುವವರ ದೂರು. ಅಂದರೆ ನಿಮ್ಮೂರಿನದೇ ಎರಡು ತಕರಾರು, ಭಾಷೆ ಮತ್ತು ಹಂಚಿಕೆ! ಪ್ರೇಷಿತರು ದೂರು ಕೊಟ್ಟವರನ್ನು ಗದರಿಸಲಿಲ್ಲ. ಏಳು ಜನರನ್ನು ಆರಿಸಿ ಅಂತ ಸಭೆಗೇ ಬಿಟ್ಟರು. ಆ ಏಳು ಹೆಸರು ಓದಿ. ಸ್ತೇಫನನಿಂದ ಹಿಡಿದು ಏಳೂ ಗ್ರೀಕ್ ಹೆಸರು. ದೂರಿದವರ ಕೈಗೇ ಹಂಚುವ ಸೌಟು ಕೊಟ್ಟರು.

ಒಂದು ವೇಳೆ ಲೆಕ್ಕ ತಾಳೆಯಾಗದಿದ್ದರೆ? ಆ ಮಾತನ್ನೂ ಹೇಳಿಬಿಡಬೇಕು. ಆಗ ಮನೆ ಮರ್ಯಾದೆ ಅಂತ ಮುಚ್ಚಲು ಹೋಗಬೇಡಿ. ಪರಿಶೀಲಿಸಿದವರ ವರದಿ ಫಾದರ್ ಮೂಲಕ ಕಾರವಾರದ ಬಿಷಪ್ ಕಚೇರಿಗೆ ಹೋಗಲಿ. ನೀವು ಭಾವನ ಮನೆಗೆ ಊಟ ಕಳಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಎರಡೂ ಒಟ್ಟಿಗೆ ಮಾಡಬಹುದು.

ಭಾಷೆಯ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಪೂಜೆ ಯಾವ ಭಾಷೆಯಲ್ಲಿ, ಎಷ್ಟು ಹೊತ್ತಿಗೆ ಅನ್ನುವುದರಲ್ಲಿ ಪರಿಷತ್ತಿನದು ಸಲಹೆ ಮಾತ್ರ, ಕೊನೆಯ ಮಾತು ಫಾದರದ್ದು. ಅದನ್ನು ಹೆಗಲಿಗೆ ಹಾಕಿಕೊಳ್ಳಬೇಡಿ. ಕೈ ಎತ್ತಿಸಿ ಮತ ಎಣಿಸಲಂತೂ ಬೇಡ. ಸೋತವರು ಎದ್ದು ಪಕ್ಕದೂರಿನ ಚರ್ಚಿಗೆ ಹೋಗುತ್ತಾರೆ. ಕೊಂಕಣಿ ಬಿಡುವುದಿಲ್ಲ ಅನ್ನುವ ಹಿರಿಯರಿಗೆ ಒಂದು ಮಾತು ನೆನಪಿಸಬಹುದು. ಅವರ ಅಪ್ಪ ಅಮ್ಮ ಪೂಜೆ ಕೇಳಿದ್ದು ಲ್ಯಾಟಿನ್‌ನಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ ಕೊಂಕಣಿ ಪೀಠದ ಹತ್ತಿರ ಬಂತು. ಆಗಲೂ ಯಾರಾದರೂ ಗೊಣಗಿರುತ್ತಾರೆ. ಕನ್ನಡ ಕೇಳುವವರಿಗೂ ಒಂದು ಮಾತು. ಅಜ್ಜಿಯರು ಬಾಯಿಪಾಠದಲ್ಲಿ ಹೇಳುವ ಪ್ರಾರ್ಥನೆಯನ್ನು ಒಂದೇ ಭಾನುವಾರದಲ್ಲಿ ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು? ಬೈಬಲ್ ವಾಚನ ಕನ್ನಡದಲ್ಲಿ, ಹಾಡು ಕೊಂಕಣಿಯಲ್ಲಿ ಅಂತ ಮೂರು ತಿಂಗಳು ಮಾಡಿ ನೋಡುವಂತೆ ಫಾದರ್‌ಗೆ ಸಲಹೆ ಕೊಡಿ. ಲೆಕ್ಕದ ಸಭೆಯ ದಿನ ಮಾತ್ರ ಈ ವಿಷಯ ತೆಗೆಯಲೇಬೇಡಿ.

ಗ್ರೂಪಿನಲ್ಲಿ ರಾತ್ರಿ ಹನ್ನೊಂದರ ತನಕ ಒಬ್ಬೊಬ್ಬರಿಗೂ ಉತ್ತರ ಬರೆಯುತ್ತೇನೆ ಅಂದಿದ್ದೀರಿ. ಬಿಡಿ. ಬೈಬಲಿನ ಮೋಶೆಯೂ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಅವನ ಮಾವ ಬಂದು, ‘ನೀನು ಮಾಡುತ್ತಿರುವುದು ಸರಿಯಿಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ’ ಅಂದ. ಸಭೆಯ ದಿನಾಂಕ ಹಾಕಿ, ‘ಉಳಿದದ್ದು ಅಲ್ಲಿ’ ಅಂತ ಬರೆದು ಫೋನ್ ಕೆಳಗಿಡಿ. ಯಾರನ್ನೂ ಗ್ರೂಪಿನಿಂದ ತೆಗೆಯಬೇಡಿ.

ರಾಜೀನಾಮೆ ಈಗ ಬೇಡ. ಈಗ ಕೊಟ್ಟರೆ ಭಾವನನ್ನು ಉಳಿಸಲು ಓಡಿದಳು ಅಂತಾರೆ. ಲೆಕ್ಕ ಬೋರ್ಡಿಗೆ ಬಂದ ಮೇಲೂ ಮನಸ್ಸು ಒಗ್ಗದಿದ್ದರೆ ಧಾರಾಳ ಬಿಡಿ. ಎಲ್ಲರೂ ಮೊದಲಿನ ಹಾಗೆ ಆಗುತ್ತಾರೆ ಅಂತ ನಾನು ಮಾತು ಕೊಡಲಾರೆ. ಒಟ್ಟಿಗೆ ಸುವಾರ್ತೆ ಸಾರುತ್ತಿದ್ದ ಪೌಲ ಮತ್ತು ಬಾರ್ನಬರೇ ಜೊತೆಗಾರ ಮಾರ್ಕನ ವಿಷಯಕ್ಕೆ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ವರ್ಷಗಳ ಮೇಲೆ ಅದೇ ಮಾರ್ಕನನ್ನು ಕರೆದುಕೊಂಡು ಬಾ, ನನಗೆ ಬೇಕು ಅಂತ ಪೌಲ ಪತ್ರ ಬರೆದ. ಕೆಲವಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ.

ನಿಮ್ಮ ಪತ್ರ ಬಂದದ್ದು ಮೇ ಮೂರನೇ ವಾರ. ಮಾಡು ಈಗಲೂ ಸೋರುತ್ತಿದೆ ಅಂದಿದ್ದೀರಿ. ಉಳಿದ ದುಡ್ಡಿನಲ್ಲಿ ಪೀಠದ ಮೇಲಿನ ಭಾಗಕ್ಕಾದರೂ ಟಾರ್ಪಾಲು ಹೊದೆಸಲು ಫಾದರ್‌ಗೆ ಹೇಳಿ, ಅದಕ್ಕೆ ಸಭೆ ಕಾಯಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ, ಗಂಡಸರು ಮನೆಯಲ್ಲೇ ಸಿಗುತ್ತಾರೆ. ಆದರೆ ಆ ಮನೆಗೆ ಹೋಗಲು ನೀವು ಜೂನ್ ತನಕ ತಡ ಮಾಡಬೇಡಿ. ಬೆಳಗ್ಗೆ ಬೇಡ, ಮೀನು ಮಾರುವ ಹೊತ್ತು. ಸಂಜೆ ದೀಪ ಹಚ್ಚುವ ಸುಮಾರಿಗೆ ಹೋಗಿ. ಚಹಾ ಕೊಟ್ಟರೆ ಬೇಡ ಅನ್ನಬೇಡಿ.